ಐದನೆಯ ಹಾಡಿನ ಮೊದಲ ಸದ್ದು

ಮೋಟಾರು ರಿವೈಂಡಿಂಗ್ ಅಂಗಡಿಯ ಮೇಲಿನ ಖೋಲಿ.
ಗೋಡೆಗೆ ಅವ್ವನ ಕೌದಿ ಬಡಿದು
ಕಿಟಕಿಯ ಸಂದಿಗೆ ಜಿನ್ನಿನ ಹತ್ತಿ ತುರುಕಿ
ಸ್ಟುಡಿಯೊ ಅಂತ ಬೋರ್ಡು ಬರೆಸಿದ್ದೆ.
ರಾಯಚೂರು, ಏಪ್ರಿಲ್. ಫ್ಯಾನು ಹಾಕುವಂತಿಲ್ಲ,
ಮೈಕು ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ.

ಶಂಶಾಲಂ ಅಂಗಿ ಕಳಚಿ ಕೂತ.
ಮದುವೆ ಬ್ಯಾಂಡು ಒಡೆದು ಹಿಸ್ಸೆಯಾದಾಗ
ಅವನ ಪಾಲಿಗೆ ಬಂದದ್ದು ಒಂದು ಬುಲ್‌ಬುಲ್ ತರಂಗ,
ಎರಡು ಮನೆ ಒತ್ತಿದರೆ ಮೇಲೇಳುವುದಿಲ್ಲ.
ಆ ಎರಡು ಸ್ವರ ಬಿಟ್ಟೇ ಒಂಬತ್ತು ಹಾಡು ಕಟ್ಟಿದ್ದ.
"ಇಲ್ಲದ್ದನ್ನ ಸುತ್ತು ಹಾಕಿ ಹೋಗೋದು ರೂಢಿ ಐತಿ."

ಕಲ್ಲಿದ್ದಲಿನ ಗೂಡ್ಸು ಹಾಯುವ ತನಕ ಕಾದೆವು.
ಐವತ್ತೆಂಟು ಡಬ್ಬಿ. ಎಣಿಸಿದ್ದು ಅವನು.
ಆಮೇಲೆ ಹಾಡಿದ:

ನೀ ಬಂದರ ನಿದ್ದಿ, ನೀ ಹೋದರ ನಡುಕ
ಕದ ಹಾಕಿದರೂ ಸಂದ್ಯಾಗ ನಿನ್ನ ವಾಸನಿ

ಯಾರೋ ಹುಡುಗಿ ಬಿಟ್ಟುಹೋಗಿದ್ದಾಳೆ ಅಂದುಕೊಂಡೆ.
ಕಿವಿಗಂಟಿದ ಹೆಡ್‌ಫೋನಿನ ಒಳಗೆಲ್ಲ ಬೆವರು.

ಮೂರನೆಯ ದಿನ ಅವನ ಬೆರಳು ಮನೆಯಿಂದ ಮನೆಗೆ ಹೋಗಲಿಲ್ಲ.
ಕೌದಿ ತುಂಬ ಇರುವೆ ಅಂದ. ಒಂದೂ ಇರಲಿಲ್ಲ.
ನಾಲಿಗೆ ತಿರುಗದೆ 'ಬಾ' ಅನ್ನುವುದು 'ವಾ' ಆಯಿತು.
ಟೇಕ್ ಎಂಟು. ಟೇಕ್ ಒಂಬತ್ತು. ಹತ್ತು.
ನಾನು ಜೇಬಿಗೆ ಕೈ ಹಾಕಿದೆ.

ಈ ಮಾತನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ:
ಅವನು ಬೇಡಲಿಲ್ಲ.
ನಾನೇ ಕೆಳಗಿನ ಹುಡುಗನನ್ನು ಓಡಿಸಿದೆ.
ಪ್ಲಾಸ್ಟಿಕ್ ಚೀಲದಲ್ಲಿ ಸೇಂದಿ, ಬಾಯಿಗೆ ದಾರ,
ಈಚಲು ಮರದ ಮುಖ ನೋಡದ ಸೇಂದಿ,
ಪುಡಿ ಕಲಸಿದ ಬಿಳಿ ನೀರು.
ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ. ಮರೆತೆನೋ, ಬೇಕಂತಲೇ ಬಿಟ್ಟೆನೋ.
ಅವನು ಹಲ್ಲಿನಿಂದ ಚೀಲದ ಮೂಲೆ ಹರಿದ
ಚರ್ರ್
ಒಂದು ಗುಟುಕು, ಮತ್ತೊಂದು, ಉದ್ದಕ್ಕೆ ಒಂದು ಉಸಿರು,
ಟೇಕ್ ಹನ್ನೊಂದು.

ಅಂಥ ದನಿ ಮತ್ತೆ ಈ ಖೋಲಿಗೆ ಬಂದಿಲ್ಲ.
ಕೃಷ್ಣೆಯ ನಡುನೀರಿನಲ್ಲಿ ಅಂಬಿಗ ಹುಟ್ಟು ಎತ್ತಿಕೊಂಡಾಗ
ಹರಿಗೋಲು ತನ್ನಷ್ಟಕ್ಕೆ ತಾನು ತಿರುಗುತ್ತದಲ್ಲ,
ಹಾಗೆ.

ಉಳಿದ ನಾಲ್ಕು ಹಾಡಿಗೂ ದುಡ್ಡು ನನ್ನದೇ.
ಲೆಕ್ಕದ ವಹಿಯಲ್ಲಿ ಬರೆದದ್ದು: ಚಹಾ, ಬಿಸ್ಕೀಟು.

ಈಗ ತೀನ್ ಕಂದೀಲಿನ ಆಟೋಗಳಲ್ಲೆಲ್ಲ ಅವನೇ.
ಹುಡುಗರು ಮೆಟ್ಟಿಲು ಹತ್ತಿ ಬಂದು ಕೇಳುತ್ತಾರೆ:
"ಐದನೇದರ ಸುರುವಿಗೆ ಚರ್ರ್ ಅಂತದಲ್ಲಣ್ಣ,
ಅದು ಯಾವ ವಾದ್ಯ?"

ಉರುಕುಂದಮ್ಮ ಬಂದದ್ದು ಒಂದು ಮಟಮಟ ಮಧ್ಯಾಹ್ನ.
ಮೆಣಸಿನಕಾಯಿ ತೊಟ್ಟು ಬಿಡಿಸಿದ ಬೆರಳು ತಾಗದಂತೆ
ಮಣಿಕಟ್ಟಿನಲ್ಲಿ ಹೆಡ್‌ಫೋನು ಒತ್ತಿ ಹಿಡಿದು
ನಾಲ್ಕು ಹಾಡು ಕೇಳಿದಳು.
"ಎಲ್ಲಾದರಾಗೂ ನೀ, ನೀ ಅಂತಾನ. ಯಾರದು?"
ನಾನು ವೈರು ಸುತ್ತುತ್ತಿದ್ದೆ.
"ನಾನಂತೂ ಅಲ್ಲ. ನನ್ನ ಇಷ್ಟು ಯಾವತ್ತೂ ಕರದಿಲ್ಲ."
ಐದನೆಯದು ಸುರುವಾಯಿತು.
ಅವಳು ಕೈ ಎತ್ತಿದಳು. "ಇನ್ನೊಮ್ಮೆ ಹಾಕ್ರಿ. ಹಾಡಲ್ಲ, ಅದರ ಮುಂಚಿಂದು."
ಹಾಕಿದೆ.
"ಇದು ನಮ್ಮನಿ ಸದ್ದು" ಅಂದಳು.
ಉಳಿದದ್ದನ್ನು ಕೇಳದೆ ಚಪ್ಪಲಿ ಮೆಟ್ಟಿದಳು.

ಅವನು ಹದಿನಾರು ದಿನ ದೊಡ್ಡಾಸ್ಪತ್ರೆಯಲ್ಲಿದ್ದ,
ಕೈ ಎರಡೂ ಮಂಚಕ್ಕೆ ಕಟ್ಟಿ.
ಆಮೇಲೆ ದೇವದುರ್ಗದ ಕಡೆ, ಅಕ್ಕನ ಊರಿಗೆ.
ಹೊತ್ತಿಗೆ ಸರಿಯಾಗಿ ಉಣ್ಣುತ್ತಾನಂತೆ. ಹಾಡುವುದಿಲ್ಲವಂತೆ.
ಒಳ್ಳೆಯದಾಯಿತು ಅನ್ನಬೇಕು.
ಅನ್ನುತ್ತೇನೆ, ಹಗಲು.

ರಾತ್ರಿ ಕೆಳಗಿನ ಅಂಗಡಿಯ ಶಟರು ಬಿದ್ದ ಮೇಲೆ
ಪರದೆಯ ಮೇಲೆ ಆ ಅರ್ಧ ಸೆಕೆಂಡು
ಹಲ್ಲಿನ ಸಾಲಿನ ಹಾಗೆ ನಿಂತಿರುತ್ತದೆ.
ಅಳಿಸಲು ಒಂದು ಗುಂಡಿ ಸಾಕು.
ಬೆರಳು ಇಡುತ್ತೇನೆ.
ಬಾಯಿ ಒಣಗುತ್ತದೆ.
ಫ್ಯಾನು ಆರಿಸಿ ಕೇಳುತ್ತೇನೆ, ಮತ್ತೊಮ್ಮೆ ಕೇಳುತ್ತೇನೆ,
ಗೂಡ್ಸು ಬಂದರೆ ನಿಲ್ಲಿಸಿ
ಡಬ್ಬಿ ಎಣಿಸಿ
ಮತ್ತೆ ಅಲ್ಲಿಂದಲೇ.